ದೊಡ್ಡ ವ್ಯಾನಿನ ಕೊನೆಯ ಸಾಲಿನಲ್ಲಿ ಒಂದು ಗಂಟೆ ಕುಳಿತು ನೋಡಿ

ಹನ್ನೆರಡು, ಹದಿನೈದು ಆಸನಗಳ ವ್ಯಾನ್ ಇಟ್ಟುಕೊಂಡವರ ಪ್ರಶ್ನೆಗಳು ಈ ಸಲ ಸಾಕಷ್ಟು ಬಂದಿವೆ. ಕುಲುಕಾಟ, ಸದ್ದು, ಸೆಖೆ, ವಾಂತಿ, ಸೊಂಟನೋವು ಎಂದು ದೂರುಗಳು ಬೇರೆ ಬೇರೆಯಾದರೂ ಮೂಲ ಒಂದೇ. ವ್ಯಾನನ್ನು ಕೊಳ್ಳುವವರು, ಓಡಿಸುವವರು, ರಿಪೇರಿಗೆ ತರುವವರು ಎಲ್ಲರೂ ಮುಂದಿನ ಸೀಟಿನಲ್ಲಿ ಕುಳಿತೇ ಅದನ್ನು ಅಳೆಯುತ್ತಾರೆ. ಕಷ್ಟವಿರುವುದು ಹಿಂದೆ. ಆದ್ದರಿಂದ ನನ್ನ ಬಳಿ ಗಾಡಿ ತಂದವರಿಗೆ ಮೊದಲು ಹೇಳುವುದು ಇಷ್ಟೇ: ಚಾಲನೆಯನ್ನು ಬೇರೆಯವರಿಗೆ ಕೊಟ್ಟು, ಕೊನೆಯ ಸಾಲಿನಲ್ಲಿ ಒಂದು ಗಂಟೆ ಕುಳಿತು ಬನ್ನಿ. ಆಮೇಲೆ ಯಾವುದಕ್ಕೆ ಹಣ ಹಾಕಬೇಕೆಂದು ಮಾತನಾಡೋಣ.

ಪ್ರಶ್ನೆ: ಹದಿನೈದು ಸೀಟಿನ ವ್ಯಾನ್ ಕೊಂಡು ಎಂಟು ತಿಂಗಳಾಯಿತು. ಸಾಮಾನ್ಯವಾಗಿ ಓಡಾಡುವುದು ನಾವು ಆರು ಜನ. ಸಣ್ಣ ಉಬ್ಬು ಬಂದರೂ ಹಿಂದೆ ಕುಳಿತವರು ಸೀಟು ಬಿಟ್ಟು ಮೇಲೇಳುತ್ತಾರೆ. ಸೊಂಟನೋವಿರುವ ನಮ್ಮ ಅಮ್ಮ ಈಗ ವ್ಯಾನ್ ಹತ್ತಲು ಒಪ್ಪುತ್ತಿಲ್ಲ. ಒಬ್ಬ ಮೆಕ್ಯಾನಿಕ್ ಹಿಂದಿನ ಲೀಫ್ ಸ್ಪ್ರಿಂಗಿನಿಂದ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಒಂದು ಪಟ್ಟಿ ತೆಗೆದರೆ ಮೆತ್ತಗಾಗುತ್ತದೆ ಎಂದರು. ಇನ್ನೊಬ್ಬರು ಗಾಳಿ ತುಂಬಿದ ರಬ್ಬರ್ ಚೀಲದ ಏರ್ ಸ್ಪ್ರಿಂಗ್ ಹಾಕಿಸಿ ಎಂದರು. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಪಟ್ಟಿ ತೆಗೆಸುವ ಯೋಚನೆಯನ್ನಂತೂ ಪೂರ್ತಿ ಕೈಬಿಡಿ.

ನಿಮ್ಮ ವ್ಯಾನಿನ ಹಿಂದಿನ ಸ್ಪ್ರಿಂಗ್ ಹದಿನೈದು ಜನರ ಲೆಕ್ಕದಲ್ಲಿ ತಯಾರಾಗಿದೆ. ತಲೆಗೆ 75 ಕಿಲೋ ಎಂದು ಹಿಡಿದರೆ 1,125 ಕಿಲೋ, ಸಾಮಾನು ಬೇರೆ. ನೀವು ಆರು ಜನ ಎಂದರೆ 450 ಕಿಲೋ. ಬಾರದ ಒಂಬತ್ತು ಜನರನ್ನು ಹೊರಲು ಇಟ್ಟ ಬಿಗಿ, ಬಂದ ಆರು ಜನರ ಬೆನ್ನಿಗೆ ಬೀಳುತ್ತಿದೆ. ಸ್ಪ್ರಿಂಗಿನ ಬಿಗಿ ಹಾಗೆಯೇ ಇದ್ದು ಅದರ ಮೇಲಿನ ಭಾರ ಅರ್ಧವಾದರೆ, ಗಾಡಿ ಮೇಲೆ ಕೆಳಗೆ ಆಡುವ ವೇಗ ಸುಮಾರು 1.4 ಪಟ್ಟಾಗುತ್ತದೆ. ತುಂಬಿದಾಗ ಸೆಕೆಂಡಿಗೆ 1.4 ಸಲ ಆಡುತ್ತಿದ್ದ ಹಿಂಭಾಗ ಖಾಲಿಯಾದಾಗ 2 ಸಲ ಆಡುತ್ತದೆ. ಹಾಯಾದ ಕಾರುಗಳಲ್ಲಿ ಇದು 1ರಿಂದ 1.5ರ ಒಳಗಿರುತ್ತದೆ. ಖಾಲಿ ವ್ಯಾನ್ ಬೇರೆ ಗಾಡಿ, ತುಂಬಿದ ವ್ಯಾನ್ ಬೇರೆ ಗಾಡಿ ಎಂದು ನಾನು ಹೇಳುವುದು ಇದಕ್ಕೇ. ಆದರೆ ಪಟ್ಟಿ ತೆಗೆಸಿದರೆ, ಎಂದೋ ಒಂದು ದಿನ ಹದಿನೈದು ಜನ ಹತ್ತಿದಾಗ ಉಳಿದ ಪಟ್ಟಿಗಳು ಆ ಭಾರವನ್ನು ತಡೆಯಲಾರವು. ಹಿಂಭಾಗ ಕುಸಿದು, ತಿರುವಿನಲ್ಲಿ ಗಾಡಿ ವಾಲುತ್ತದೆ, ಪಟ್ಟಿ ಮುರಿಯಲೂಬಹುದು. ಹಾಗೆ ಮುರಿದ ಪಟ್ಟಿಯ ತುಂಡನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಆ ಗಾಡಿಯಲ್ಲಿ ಮಕ್ಕಳಿದ್ದರು.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಟೈರಿನ ಗಾಳಿಯಿಂದ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಮುಂದಿನ ಟೈರಿಗೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಗಾಳಿ ಹಿಡಿಸುವಾಗ ಎಷ್ಟೋ ಜನ ಅದನ್ನು ನೋಡದೆ, ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಯನ್ನು ನೋಡುತ್ತಾರೆ. ಅದು ಆ ಟೈರು ತಡೆಯುವ ಗರಿಷ್ಠ ಒತ್ತಡವೇ ಹೊರತು ನಿಮ್ಮ ವ್ಯಾನಿಗೆ ಬೇಕಾದದ್ದಲ್ಲ. ಭಾರದ ವ್ಯಾನಿನ ಟೈರುಗಳಲ್ಲಿ ಅದು 80 ಪಿಎಸ್‌ಐವರೆಗೂ ಇರುತ್ತದೆ. ಅಷ್ಟು ಗಾಳಿ ಹಾಕಿ ಆರು ಜನ ಓಡಾಡಿದರೆ ಟೈರು ಕಲ್ಲಿನಂತಾಗುತ್ತದೆ. ತಯಾರಕರು ಅರ್ಧ ಭಾರಕ್ಕೂ ಪೂರ್ಣ ಭಾರಕ್ಕೂ ಬೇರೆ ಬೇರೆ ಅಂಕಿ ಕೊಟ್ಟಿದ್ದರೆ ನಿಮ್ಮ ದಿನನಿತ್ಯದ ಓಡಾಟಕ್ಕೆ ಅರ್ಧ ಭಾರದ್ದನ್ನು ಹಿಡಿಯಿರಿ. ಒಂದೇ ಅಂಕಿ ಇದ್ದರೆ ಅದಕ್ಕಿಂತ ಕೆಳಗೆ ಇಳಿಸಬೇಡಿ. ಗಾಡಿ ರಾತ್ರಿಯೆಲ್ಲ ನಿಂತು ಟೈರು ತಣ್ಣಗಿರುವಾಗಲೇ ಅಳೆಯಿರಿ. 60 ಪಿಎಸ್‌ಐ ಇರುವ ಟೈರಿನಲ್ಲಿ ಹತ್ತು ಡಿಗ್ರಿ ಬಿಸಿ ಏರಿದರೆ ಎರಡೂವರೆ ಪಿಎಸ್‌ಐಯಷ್ಟು ಹೆಚ್ಚು ತೋರಿಸುತ್ತದೆ.

ಎರಡನೆಯದು ಶಾಕ್ ಅಬ್ಸಾರ್ಬರ್. ಹದಗೆಟ್ಟ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಹಿಂದಿನ ಎರಡೂ ಶಾಕ್‌ಗಳ ಹತ್ತಿರ ಅಂಗೈ ಒಯ್ದು, ಸುಡುವುದಿಲ್ಲವೆಂದು ಖಚಿತಪಡಿಸಿಕೊಂಡು ಮುಟ್ಟಿ. ಕೆಲಸ ಮಾಡುವ ಶಾಕ್ ಬೆಚ್ಚಗಿರುತ್ತದೆ. ಗಾಡಿಯ ಕುಣಿತವನ್ನು ನುಂಗಿ ಬಿಸಿಯಾಗಿ ಹೊರಹಾಕುವುದೇ ಅದರ ಕೆಲಸ. ಒಂದು ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಸತ್ತಿದೆ. ಬದಲಾಯಿಸುವಾಗ ಎರಡನ್ನೂ ಒಟ್ಟಿಗೆ ಬದಲಾಯಿಸಿ. ಖಾಲಿ ವ್ಯಾನಿಗೆ ಒಂದೇ ಕಡೆ ಹಣ ಹಾಕಬೇಕು ಎಂದರೆ ನಾನು ಒಳ್ಳೆಯ ಶಾಕ್‌ಗಳಿಗೆ ಹಾಕುತ್ತೇನೆ. ಉಬ್ಬಿನ ಪೆಟ್ಟು ಪೂರ್ತಿ ಹೋಗುವುದಿಲ್ಲ, ಆದರೆ ಪೆಟ್ಟಿನ ನಂತರ ಎರಡು ಮೂರು ಸಲ ಎತ್ತಿಹಾಕುವುದು ನಿಲ್ಲುತ್ತದೆ. ಅಮ್ಮನ ಸೊಂಟಕ್ಕೆ ಹೆಚ್ಚು ತೊಂದರೆ ಕೊಡುವುದು ಅದೇ.

ಹಾಗೆಯೇ ಕೆಳಗೆ ಬಗ್ಗಿ ಪಟ್ಟಿಗಳ ನಡುವೆ ನೋಡಿ. ತುಕ್ಕು, ಮಣ್ಣು ಕೂತು ಪಟ್ಟಿಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಸಣ್ಣ ಉಬ್ಬಿಗೆ ಸ್ಪ್ರಿಂಗ್ ಜಾರುವುದೇ ಇಲ್ಲ, ಪೆಟ್ಟು ನೇರವಾಗಿ ಮೇಲೆ ಬರುತ್ತದೆ. ಪಟ್ಟಿಯ ತುದಿಯಲ್ಲಿ ಇರುವ ಪ್ಲಾಸ್ಟಿಕ್ ತುಣುಕುಗಳು ಸವೆದಿದ್ದರೆ ಹೊಸದು ಹಾಕಿಸಿ. ರಬ್ಬರ್ ಬುಷ್‌ಗಳು ಬಿರುಕು ಬಿಟ್ಟಿದ್ದರೆ ಅವನ್ನೂ ಬದಲಾಯಿಸಿ. ಇದೆಲ್ಲ ಆದ ಮೇಲೂ ಸಾಲದು ಎನಿಸಿದರೆ, ಖಾಲಿ ಇರುವಾಗ ತೆಳು ಪಟ್ಟಿಗಳು ಮಾತ್ರ ದುಡಿದು, ಭಾರ ಬಿದ್ದಾಗ ದಪ್ಪ ಪಟ್ಟಿ ಸೇರಿಕೊಳ್ಳುವಂಥ ಸ್ಪ್ರಿಂಗ್ ನಿಮ್ಮ ಮಾದರಿಗೆ ದೊರೆಯುತ್ತದೆಯೇ ವಿಚಾರಿಸಿ. ಅದರ ಒಟ್ಟು ಸಾಮರ್ಥ್ಯ ಮೂಲದಷ್ಟೇ ಇರಬೇಕು.

ಏರ್ ಸ್ಪ್ರಿಂಗಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. ಲೀಫ್ ಸ್ಪ್ರಿಂಗಿನ ಜೊತೆಗೆ ಸೇರಿಸುವ ಏರ್ ಸ್ಪ್ರಿಂಗ್ ಗಾಡಿಯನ್ನು ಮೃದು ಮಾಡುವುದಿಲ್ಲ. ಅದು ತುಂಬಿದ ಗಾಡಿಯ ಹಿಂಭಾಗವನ್ನು ಎತ್ತಿ ಹಿಡಿಯುತ್ತದೆ, ಅಷ್ಟೇ. ಖಾಲಿ ಇರುವಾಗ ಅದರಲ್ಲಿ ಗಾಳಿ ಜಾಸ್ತಿ ಇದ್ದರೆ ಕುಲುಕಾಟ ಇನ್ನೂ ಹೆಚ್ಚುತ್ತದೆ. ಮೃದುವಾಗುವುದು ಲೀಫ್ ಸ್ಪ್ರಿಂಗನ್ನೇ ತೆಗೆದು ಪೂರ್ತಿ ಗಾಳಿಯ ಮೇಲೆ ನಿಲ್ಲಿಸಿದಾಗ ಮಾತ್ರ. ಭಾರಕ್ಕೆ ತಕ್ಕಂತೆ ಒತ್ತಡ ಬದಲಾಗುವುದರಿಂದ ಖಾಲಿಯಾದರೂ ತುಂಬಿದರೂ ಗಾಡಿ ಬಹುಮಟ್ಟಿಗೆ ಒಂದೇ ಹದದಲ್ಲಿ ಆಡುತ್ತದೆ. ಅದು ದೊಡ್ಡ ಕೆಲಸ. ನಿಮ್ಮ ಮಾದರಿಗೆಂದೇ ಪ್ರಮಾಣೀಕರಿಸಿದ ಸೆಟ್ ಇದ್ದರೆ ಮಾತ್ರ ಕೈಹಾಕಿ. ಎಷ್ಟೋ ಹಳೆಯ ವ್ಯಾನ್‌ಗಳಲ್ಲಿ ಹಿಂದಿನ ಆಕ್ಸೆಲ್‌ಗೂ ಬಾಡಿಗೂ ನಡುವೆ ಒಂದು ಸರಳು ಇರುತ್ತದೆ. ಎರಡರ ನಡುವಿನ ಅಂತರವನ್ನು ನೋಡಿ ಭಾರ ಎಷ್ಟಿದೆಯೆಂದು ತಿಳಿದು, ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆಂದು ನಿರ್ಧರಿಸುವ ವಾಲ್ವ್ ಅದರ ತುದಿಯಲ್ಲಿದೆ. ಸ್ಪ್ರಿಂಗ್ ಎತ್ತರ ಬದಲಾಯಿಸಿದರೆ ಅದು ಮೋಸಹೋಗಿ, ತುಂಬಿದ ಗಾಡಿಯನ್ನೂ ಖಾಲಿ ಎಂದು ತಿಳಿದು ಬ್ರೇಕ್ ಕಡಿಮೆ ಕೊಡುತ್ತದೆ. ಯಾವ ಸ್ಪ್ರಿಂಗ್ ಕೆಲಸ ಮಾಡಿಸಿದರೂ ಆ ವಾಲ್ವನ್ನು ಹೊಸದಾಗಿ ಹೊಂದಿಸಿದ್ದಾರೆಯೇ ಎಂದು ಕೇಳದೆ ಗಾಡಿ ತೆಗೆದುಕೊಂಡು ಹೋಗಬೇಡಿ.

ಇನ್ನು ಇವತ್ತೇ ಮಾಡಬಹುದಾದ, ಖರ್ಚೇ ಇಲ್ಲದ ಕೆಲಸ: ಅಮ್ಮನನ್ನು ಚಾಲಕನ ಹಿಂದಿನ ಮೊದಲ ಸಾಲಿನಲ್ಲಿ ಕೂರಿಸಿ. ಎರಡು ಆಕ್ಸೆಲ್‌ಗಳ ನಡುವೆ ಕುಳಿತವರಿಗೆ ಕುಲುಕಾಟ ಕಡಿಮೆ. ಹಿಂದಿನ ಆಕ್ಸೆಲ್ ದಾಟಿ ಕುಳಿತವರು ತೂಗುಹಲಗೆಯ ತುದಿಯಲ್ಲಿ ಕುಳಿತಂತೆ, ಏರುವುದೂ ಇಳಿಯುವುದೂ ಅವರಿಗೇ ಹೆಚ್ಚು.

ಪ್ರಶ್ನೆ: ನಮ್ಮದು ಹದಿನಾಲ್ಕು ಜನರ ಆಟಗಾರರ ತಂಡ. ಸೀಟುಗಳೆಲ್ಲ ತುಂಬುವುದರಿಂದ ಸಾಮಾನನ್ನು ಮೇಲಿನ ಕ್ಯಾರಿಯರ್‌ಗೆ ಕಟ್ಟುತ್ತೇವೆ. ಗಾಳಿ ಜೋರಿದ್ದರೆ ವ್ಯಾನ್ ಓಲಾಡುತ್ತದೆ, ಎಲ್ಲರೂ ಕಂಬಿ ಹಿಡಿದು ಕೂರಬೇಕು. ಇದನ್ನು ತಪ್ಪಿಸಲು ಏನು ಹಾಕಿಸಬಹುದು?

ಉತ್ತರ: ಹಾಕಿಸುವುದಲ್ಲ, ಇಳಿಸುವುದು. ಮೇಲಿನ ಸಾಮಾನನ್ನು ಇಳಿಸಿ.

ನಿಮ್ಮ ವ್ಯಾನ್ ಓಲಾಡುವುದನ್ನು ನೀವು ಸುಖದ ಸಮಸ್ಯೆ ಎಂದು ಬರೆದಿದ್ದೀರಿ. ನನಗೆ ಅದನ್ನು ಓದಿ ಭಯವಾಯಿತು. ಅಮೆರಿಕದ ಹೆದ್ದಾರಿ ಸಂಚಾರ ಸುರಕ್ಷತಾ ಸಂಸ್ಥೆ ಹದಿನೈದು ಸೀಟಿನ ವ್ಯಾನ್‌ಗಳ ಬಗ್ಗೆ 2001ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಬೇರೆ ವಾಹನದ ಪಾತ್ರವಿಲ್ಲದ ಅಪಘಾತಗಳಲ್ಲಿ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದ ವ್ಯಾನ್‌ಗಳು ಮಗುಚಿದ ಪ್ರಮಾಣ ಕಡಿಮೆ ಜನರಿದ್ದವುಗಳ ಸುಮಾರು ಮೂರು ಪಟ್ಟಿತ್ತು. ಕಾರಣ ಸರಳ. ಜನ ತುಂಬಿದಂತೆ ಗುರುತ್ವ ಕೇಂದ್ರ ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ. ಅದರ ಮೇಲೆ ಕ್ಯಾರಿಯರ್‌ನಲ್ಲಿ ಇನ್ನೂರು ಕಿಲೋ ಇಟ್ಟರೆ ಅದು ಇನ್ನೂ ಏರುತ್ತದೆ.

ಕೊನೆಯ ಬೆಂಚನ್ನು ಬಿಚ್ಚಿ ಮನೆಯಲ್ಲಿಡಿ. ಆ ಜಾಗದಲ್ಲಿ ಸಾಮಾನನ್ನು ನೆಲದ ಮೇಲೆ, ಸಾಧ್ಯವಾದಷ್ಟು ಮುಂದಕ್ಕೆ ಒತ್ತಿ ಇಟ್ಟು, ನೆಲದ ಕೊಂಡಿಗಳಿಗೆ ಬೆಲ್ಟಿನಿಂದ ಬಿಗಿಯಿರಿ. ಹಿಂದೆ ಉಳಿದ ಮೂರು ನಾಲ್ಕು ಜನ ಇನ್ನೊಂದು ಕಾರಿನಲ್ಲಿ ಬರಲಿ. ಇದು ಅನನುಕೂಲ ಎಂದು ನನಗೆ ಗೊತ್ತು, ಆದರೂ ಬೇರೆ ಸಲಹೆ ಕೊಡಲು ಮನಸ್ಸು ಒಪ್ಪುವುದಿಲ್ಲ. ಪ್ರಯಾಣಕ್ಕೆ ಮುನ್ನ ಒಮ್ಮೆ ಎಲ್ಲರನ್ನೂ ಕೂರಿಸಿಕೊಂಡು ವೇಬ್ರಿಡ್ಜ್ ಮೇಲೆ ಹತ್ತಿಸಿ, ಮುಂದಿನ ಆಕ್ಸೆಲ್, ಹಿಂದಿನ ಆಕ್ಸೆಲ್ ಎರಡನ್ನೂ ಬೇರೆ ಬೇರೆ ತೂಗಿಸಿ. ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಆಕ್ಸೆಲ್ ಮಿತಿ ಮೀರಿರುವ ವ್ಯಾನ್‌ಗಳನ್ನು ನಾನು ಎಷ್ಟೋ ನೋಡಿದ್ದೇನೆ. ಎಲ್ಲರೂ ಸೀಟ್ ಬೆಲ್ಟ್ ಹಾಕಲಿ, ಕೊನೆಯ ಸಾಲಿನವರೂ ಸೇರಿ.

ಪ್ರಶ್ನೆ: ವೇಗ ಎಂಬತ್ತು ದಾಟಿದರೆ ಮೂರನೇ ಸಾಲಿನವರಿಗೆ ನಾನು ಹೇಳುವುದು ಕೇಳಿಸುವುದಿಲ್ಲ. ಒಳಗೆಲ್ಲ ಗುಂಯ್ ಎನ್ನುವ ಸದ್ದು. ಪೂರ್ತಿ ಗಾಡಿಗೆ ಸೌಂಡ್ ಡ್ಯಾಂಪಿಂಗ್ ಶೀಟ್ ಹೊದಿಸಿದರೆ ಹೋಗುತ್ತದೆಯೇ?

ಉತ್ತರ: ಪೂರ್ತಿ ಹೊದಿಸಬೇಕಾಗಿಲ್ಲ. ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ.

ಒಂದು ಹಾಳೆಯ ತುಂಡನ್ನು ಬಾಗಿಲಿನ ಸಂದಿನಲ್ಲಿಟ್ಟು ಬಾಗಿಲು ಹಾಕಿ, ಹಾಳೆಯನ್ನು ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರ್ ಸರಿಯಾಗಿದೆ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಹೀಗೆ ಒಂದೊಂದು ಗೇಣಿಗೂ ಪರೀಕ್ಷಿಸುತ್ತಾ ಬಾಗಿಲನ್ನು ಸುತ್ತಿ ಬನ್ನಿ. ಜಾರುಬಾಗಿಲಿನ ಹಿಂದಿನ ಅಂಚು ಮತ್ತು ಹಿಂಬಾಗಿಲಿನ ಎರಡು ರೆಕ್ಕೆಗಳು ಕೂಡುವ ಜಾಗ, ಈ ಎರಡು ಕಡೆ ರಬ್ಬರ್ ಮೊದಲು ಸೋಲುತ್ತದೆ. ಆಮೇಲೆ ಟೈರಿನ ಮೈಯನ್ನು ಅಂಗೈಯಿಂದ ಸವರಿ. ಗರಗಸದ ಹಲ್ಲಿನಂತೆ ಒಂದು ದಿಕ್ಕಿಗೆ ಚುಚ್ಚಿದರೆ ಚಕ್ರಗಳ ಅಲೈನ್‌ಮೆಂಟ್ ತಪ್ಪಿದೆ, ಗುಂಯ್ ಸದ್ದಿನ ಒಂದು ಪಾಲು ಅದರದೇ.

ಇವೆರಡು ಸರಿಯಿದ್ದರೆ ಬಾಡಿಯ ತಗಡಿಗೆ ಬನ್ನಿ. ಒಳಗಿನ ಹೊದಿಕೆ ಬಿಚ್ಚಿ ಬೆರಳ ಗೆಣ್ಣಿನಿಂದ ತಗಡಿನ ನಡುವೆ ಬಡಿಯಿರಿ. ಢಣ್ ಎಂದು ಉದ್ದಕ್ಕೆ ಮೊಳಗಿದರೆ ಅದು ತಮಟೆಯಂತೆ ಕಂಪಿಸುತ್ತಿದೆ. ಅಲ್ಯೂಮಿನಿಯಂ ಹಾಳೆಯಿರುವ ಬ್ಯುಟೈಲ್ (ಅಂಟು ರಬ್ಬರಿನ) ಶೀಟನ್ನು ತಗಡಿನ ನಡುಭಾಗಕ್ಕೆ ಅಂಟಿಸಿ, ರೋಲರ್‌ನಿಂದ ಚೆನ್ನಾಗಿ ಒತ್ತಿ, ಮತ್ತೆ ಬಡಿಯಿರಿ. ಈಗ ಡಬ್ ಎಂದು ಅಲ್ಲೇ ನಿಲ್ಲುತ್ತದೆ. ತಗಡಿನ ಕಾಲು ಭಾಗ ಮುಚ್ಚಿದರೆ ಸಾಮಾನ್ಯವಾಗಿ ಸಾಕು, ಉಳಿದದ್ದು ಸುಮ್ಮನೆ ತೂಕ. ಚಕ್ರದ ಕಮಾನುಗಳ ಮೇಲೆ ಮಾತ್ರ ಧಾರಾಳವಾಗಿ ಹಾಕಿ. ಈ ಶೀಟು ತಗಡಿನ ಕಂಪನವನ್ನು ನಿಲ್ಲಿಸುತ್ತದೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ತಡೆಯಲು ಭಾರ ಬೇಕು: ನೆಲದ ಮೇಲೆ ಮುಚ್ಚಿದ ರಂಧ್ರಗಳ ಫೋಮ್ ಹಾಸಿ, ಅದರ ಮೇಲೆ ಒಂದೂ ಸಂದು ಬಿಡದಂತೆ ದಪ್ಪ ವಿನೈಲ್ ಹಾಸು.

ಮನೆಯ ಚಾವಣಿಗೆ ಬಳಸುವ ಡಾಂಬರಿನ ಟೇಪ್ ಅಗ್ಗವೆಂದು ತರಬೇಡಿ. ಬಿಸಿಲಿಗೆ ಕರಗಿ ವಾಸನೆ ಹೊಡೆಯುತ್ತದೆ, ಕಳಚಿ ಬೀಳುತ್ತದೆ. ನೀರು ಹೀರುವ ಸ್ಪಂಜನ್ನೂ ಹಾಕಬೇಡಿ. ಹದಿನಾಲ್ಕು ಜನರ ಉಸಿರಿನ ತೇವ ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತದೆ, ಸ್ಪಂಜು ಅದನ್ನು ಹಿಡಿದಿಟ್ಟು ಒಳಗಿನಿಂದ ತುಕ್ಕು ತರಿಸುತ್ತದೆ. ಬಾಗಿಲಿನ ತಳದಲ್ಲಿರುವ ನೀರಿಳಿಯುವ ತೂತುಗಳನ್ನು ಮುಚ್ಚಬೇಡಿ. ಒಳಗೆ ಹಾಕುವ ಯಾವುದೇ ವಸ್ತು ವಾಹನದ ಒಳಾಂಗಣಕ್ಕೆ ಇರುವ ಐಎಸ್‌ಒ 3795 ಬೆಂಕಿ ಪರೀಕ್ಷೆಯಲ್ಲಿ ಪಾಸಾಗಿದೆಯೇ ಎಂದು ಕೇಳಿ ಕೊಳ್ಳಿ. ಹದಿನಾಲ್ಕು ಜನ ಇಳಿಯಲು ಎರಡೇ ಬಾಗಿಲಿರುವ ಗಾಡಿ ಇದು.

ಪ್ರಶ್ನೆ: ಏಸಿ ಪೂರ್ತಿ ಹಾಕಿದರೂ ಹಿಂದಿನವರಿಗೆ ಸೆಖೆ. ಎರಡು ಗಂಟೆಯ ಪ್ರಯಾಣದಲ್ಲಿ ಹಿಂದಿನವರಿಗೆ ತಲೆನೋವು, ತೂಕಡಿಕೆ. ಹಿಂದಿನ ಗಾಜು ಸ್ವಲ್ಪ ತೆರೆದಿಡುತ್ತೇವೆ. ಅದರಿಂದ ಪ್ರಯೋಜನವಿದೆಯೇ?

ಉತ್ತರ: ತಲೆನೋವು ಎಂದ ಕೂಡಲೇ ನಾನು ಮೊದಲು ಕೇಳುವುದು ಸೈಲೆನ್ಸರ್ ಬಗ್ಗೆ. ಓಡುವ ವ್ಯಾನಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಿರುತ್ತದೆ, ಹೊಗೆ ಅಲ್ಲೇ ಸುಳಿಯುತ್ತಿರುತ್ತದೆ. ಹಿಂದಿನ ಗಾಜನ್ನು ತೆರೆದರೆ ಅಥವಾ ಹಿಂಬಾಗಿಲಿನ ರಬ್ಬರ್ ಹೋಗಿದ್ದರೆ ಆ ಹೊಗೆ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕೊಲ್ಲುವ ಅನಿಲ. ಆದ್ದರಿಂದ ಇಂದೇ ಹಿಂದಿನ ಗಾಜನ್ನು ಮುಚ್ಚಿ, ಎಂಜಿನ್‌ನಿಂದ ಸೈಲೆನ್ಸರ್ ತುದಿಯವರೆಗೆ ಕೊಳವೆಯನ್ನು ಪರೀಕ್ಷಿಸಿ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಹಿಂದಿನ ಸಾಲಿನ ಬಳಿ ಇಡಿ.

ಕೊಳವೆ ಸರಿಯಾಗಿದ್ದರೆ ಇನ್ನೊಂದು ಕಾರಣವಿದೆ. ಏಸಿ ಬೇಗ ತಣ್ಣಗಾಗಲೆಂದು ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿ, ಪ್ರಯಾಣ ಮುಗಿಯುವವರೆಗೂ ಹಾಗೆಯೇ ಬಿಡುತ್ತೇವೆ. ಹನ್ನೆರಡು ಹದಿನಾಲ್ಕು ಜನ ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳೆದುಕೊಂಡರೆ ಕಾರ್ಬನ್ ಡೈಆಕ್ಸೈಡ್ ಏರಿ ತೂಕಡಿಕೆ, ತಲೆಭಾರ ಬರುತ್ತದೆ. ಚಾಲಕನೂ ಅದೇ ಗಾಳಿಯನ್ನು ಉಸಿರಾಡುತ್ತಿರುತ್ತಾನೆ ಎಂಬುದನ್ನು ಮರೆಯಬೇಡಿ. ಮೊದಲ ಹತ್ತು ನಿಮಿಷ ಒಳಗಿನ ಗಾಳಿ, ಆಮೇಲೆ ಹೊರಗಿನ ಗಾಳಿ. ಇದನ್ನು ರೂಢಿ ಮಾಡಿಕೊಳ್ಳಿ.

ಇನ್ನು ಸೆಖೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಡುತ್ತದೆ. ಹದಿನಾಲ್ಕು ಜನರೆಂದರೆ ಒಳಗೆ 1,400 ವ್ಯಾಟ್‌ನ ಹೀಟರ್ ಇಟ್ಟ ಹಾಗೆ. ಗಾಜುಗಳಿಂದ ಬರುವ ಬಿಸಿಲು ಬೇರೆ. ಮುಂದಿನ ಏಸಿಯೊಂದೇ ಇದ್ದರೆ ಅದು ಹಿಂದಕ್ಕೆ ತಲುಪುವುದಿಲ್ಲ, ಹಿಂಬದಿಗೆ ಪ್ರತ್ಯೇಕ ಇವ್ಯಾಪರೇಟರ್ (ಗಾಳಿಯನ್ನು ತಣ್ಣಗಾಗಿಸುವ ಘಟಕ) ಮತ್ತು ಚಾವಣಿಯಲ್ಲಿ ಗಾಳಿಯ ದಾರಿ ಬೇಕು. ಈಗಾಗಲೇ ಇದ್ದರೆ ಗ್ಯಾಸ್ ತುಂಬಿಸುವ ಮೊದಲು ಹಿಂದಿನ ಘಟಕದ ಫಿಲ್ಟರ್ ತೆಗೆದು ನೋಡಿ. ವರ್ಷಗಟ್ಟಲೆ ಯಾರೂ ಮುಟ್ಟದ ಜಾಗ ಅದು. ಒಮ್ಮೆ ನಾನು ತೆಗೆದಾಗ ಫಿಲ್ಟರ್ ಕಾಣಿಸಲೇ ಇಲ್ಲ, ಕಂಬಳಿಯಂತೆ ಬೆಳೆದ ಧೂಳು ಮಾತ್ರ ಇತ್ತು. ಅದನ್ನು ಬದಲಿಸಿ, ಏಸಿಯ ಬಿಸಿಯನ್ನು ಹೊರಹಾಕುವ ಮುಂದಿನ ಕಂಡೆನ್ಸರ್‌ಗೆ ಮೆಲ್ಲಗೆ ನೀರು ಹಾಯಿಸಿ ತೊಳೆದ ಮೇಲೆ ಆ ಗಾಡಿಗೆ ಬೇರೇನೂ ಬೇಕಾಗಲಿಲ್ಲ.

ಪ್ರಶ್ನೆ: ಮಗಳಿಗೆ ಎಂಟು ವರ್ಷ. ಕಾರಿನಲ್ಲಿ ಏನೂ ಆಗುವುದಿಲ್ಲ, ವ್ಯಾನಿನಲ್ಲಿ ಮಾತ್ರ ವಾಂತಿ ಮಾಡುತ್ತಾಳೆ. ಅವಳಿಗೆ ಕೊನೆಯ ಸಾಲೇ ಇಷ್ಟ.

ಉತ್ತರ: ಕೊನೆಯ ಸಾಲೇ ಕಾರಣ. ಅಲ್ಲಿ ಗಾಡಿಯ ನಿಧಾನದ ತೂಗಾಟ ಹೆಚ್ಚು, ಮುಂದಿನ ರಸ್ತೆ ಕಾಣುವುದಿಲ್ಲ. ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಇನ್ನೊಂದು ಹೇಳುತ್ತದೆ. ಐದು ಸೆಕೆಂಡಿಗೊಮ್ಮೆ ಆಗುವಂಥ ನಿಧಾನದ ತೂಗಾಟವೇ ಹೊಟ್ಟೆ ತೊಳಸಲು ಮುಖ್ಯ ಕಾರಣ. ಎರಡನೇ ಸಾಲಿನಲ್ಲಿ, ಮುಂದಿನ ಗಾಜು ಕಾಣುವ ಕಡೆ, ಅವಳ ಎತ್ತರಕ್ಕೆ ಬೇಕಾದ ಬೂಸ್ಟರ್ ಸೀಟಿನ ಮೇಲೆ ಕೂರಿಸಿ. ಮೊಬೈಲ್, ಪುಸ್ತಕ ಬೇಡ. ಚಾಲಕರು ಬ್ರೇಕನ್ನೂ ಸ್ಟಿಯರಿಂಗನ್ನೂ ಮೆಲ್ಲಗೆ ಬಳಸಿದರೆ ಅರ್ಧ ಗೆದ್ದಂತೆ.

ಪ್ರಶ್ನೆ: ಮೂಲ ಬೆಂಚ್ ಸೀಟುಗಳನ್ನು ತೆಗೆಸಿ, ಹಿಂದಕ್ಕೆ ಒರಗುವ ದೊಡ್ಡ ಸೀಟುಗಳನ್ನು ಹಾಕಿಸಬೇಕೆಂದಿದ್ದೇನೆ. ಏನನ್ನು ಗಮನಿಸಬೇಕು?

ಉತ್ತರ: ಸೀಟು ಎಷ್ಟು ಮೆತ್ತಗಿದೆ ಎನ್ನುವುದಕ್ಕಿಂತ ಅದು ನೆಲಕ್ಕೆ ಹೇಗೆ ಹಿಡಿದಿದೆ ಎನ್ನುವುದನ್ನು ಗಮನಿಸಿ. ಡಿಕ್ಕಿಯಲ್ಲಿ ಸೀಟಿನ ಬೋಲ್ಟುಗಳು ಸೀಟನ್ನಷ್ಟೇ ಅಲ್ಲ, ಬೆಲ್ಟ್ ಸೀಟಿಗೇ ಜೋಡಿಸಿದ್ದರೆ ಅದರಲ್ಲಿ ಕುಳಿತವರನ್ನೂ ಹಿಡಿಯಬೇಕು. ತೆಳು ತಗಡಿಗೆ ತೂತು ಕೊರೆದು ವಾಷರ್ ಹಾಕಿ ಬಿಗಿದ ಸೀಟಿನಲ್ಲಿ ನನ್ನ ಮನೆಯವರನ್ನು ನಾನು ಕೂರಿಸುವುದಿಲ್ಲ. ನಿಮ್ಮ ಮಾದರಿಗೆ ಪರೀಕ್ಷೆ ಮಾಡಿ ಪ್ರಮಾಣಪತ್ರ ಪಡೆದ ಸೀಟು ಮತ್ತು ಹಳಿಗಳನ್ನೇ ಕೇಳಿ. ಆಸನಗಳ ಸಂಖ್ಯೆ ಬದಲಾದರೆ ನೋಂದಣಿ ಮತ್ತು ವಿಮೆಯಲ್ಲೂ ಬದಲಾಯಿಸಬೇಕಾಗಬಹುದು, ಕೆಲಸಕ್ಕೆ ಕೊಡುವ ಮೊದಲೇ ವಿಚಾರಿಸಿ.

ಬೆಂಚಿನ ಚೌಕಟ್ಟು ಗಟ್ಟಿಯಿದ್ದರೆ ಸೀಟನ್ನೇ ಬದಲಿಸುವ ಅಗತ್ಯವೂ ಇರಲಾರದು. ಹಳೆಯ ಫೋಮ್ ಕುಸಿದು, ಕುಳಿತವರ ಮೂಳೆ ತಳದ ಕಬ್ಬಿಣಕ್ಕೆ ತಾಗುತ್ತಿರುತ್ತದೆ. ಒಳ್ಳೆಯ ಸಾಂದ್ರತೆಯ ಹೊಸ ಫೋಮ್ ಹಾಕಿಸಿ, ಮೊಣಕಾಲಿನ ಕಡೆ ಎರಡು ಬೆರಳಿನಷ್ಟು ಎತ್ತರ ಕೊಡಿಸಿದರೆ ತೊಡೆಗೆ ಆಸರೆ ಸಿಗುತ್ತದೆ, ಬ್ರೇಕ್ ಹಾಕಿದಾಗ ಮುಂದೆ ಜಾರುವುದೂ ತಪ್ಪುತ್ತದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅದನ್ನು ಮುಚ್ಚುವ ಕವರ್ ಹಾಕಿಸಬೇಡಿ.

ಪ್ರಶ್ನೆ: ಬಳಸಿದ ವ್ಯಾನ್ ಒಂದನ್ನು ಕೊಳ್ಳಲು ನೋಡುತ್ತಿದ್ದೇವೆ. ಒಳಗೆ ಪರದೆ, ಬಣ್ಣದ ದೀಪ, ದೊಡ್ಡ ಟಿವಿ ಎಲ್ಲ ಇದೆ. ನೋಡಿದರೆ ಹೊಸದರಂತಿದೆ.

ಉತ್ತರ: ದೀಪ, ಪರದೆಗಳನ್ನು ಮರೆತು ಕೆಳಗಿನಿಂದ ನೋಡುತ್ತಾ ಬನ್ನಿ. ಟೈರಿನ ಪಕ್ಕದಲ್ಲಿ ಒಂದು ಚಿಕ್ಕ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 3519 ಎಂದಿದ್ದರೆ ಅದು 2019ರ 35ನೇ ವಾರದಲ್ಲಿ ತಯಾರಾದದ್ದು. ವ್ಯಾನ್ ಹೆಚ್ಚು ಓಡದೆ ನಿಂತಿದ್ದರೆ ಟೈರಿನ ಗೀರುಗಳು ಆಳವಾಗಿಯೇ ಇದ್ದು ರಬ್ಬರ್ ಮಾತ್ರ ಮುದಿಯಾಗಿರುತ್ತದೆ. ಆರು ವರ್ಷ ದಾಟಿದ್ದರೆ ತಜ್ಞರಿಗೆ ತೋರಿಸಿ, ಹತ್ತು ಮುಟ್ಟಿದ್ದರೆ ಮರುಮಾತಿಲ್ಲದೆ ಬದಲಿಸಿ, ಸ್ಟೆಪ್ನಿ ಕೂಡ. ಚಕ್ರದ ಕಮಾನಿನ ಒಳಗೆ, ಜಾರುಬಾಗಿಲಿನ ಕೆಳಗಿನ ಹಳಿಯಲ್ಲಿ, ಸ್ಪ್ರಿಂಗ್ ಕೊಂಡಿ ಚಾಸಿಗೆ ಸೇರುವ ಕಡೆ ತುಕ್ಕನ್ನು ಹುಡುಕಿ. ಹಿಂದಿನ ಹೀಟರ್ ಇದ್ದರೆ ಅದಕ್ಕೆ ಎಂಜಿನ್‌ನಿಂದ ಬಿಸಿನೀರು ಒಯ್ಯುವ ಕೊಳವೆಗಳು ಗಾಡಿಯ ತಳದಲ್ಲಿ ಹಾದುಹೋಗುತ್ತವೆ. ಅವು ಸೋರಿದರೆ ಎಂಜಿನ್ನಿಗೇ ಅಪಾಯ.

ಟಿವಿ, ದೀಪ, ಚಾರ್ಜರ್‌ಗಳ ತಂತಿಗಳನ್ನು ಬ್ಯಾಟರಿಯವರೆಗೂ ಹಿಂಬಾಲಿಸಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಕಾಣದಿದ್ದರೆ, ತಂತಿಗಳನ್ನು ಬರೀ ಟೇಪಿನಿಂದ ಸುತ್ತಿದ್ದರೆ, ಆ ಅಲಂಕಾರವನ್ನೆಲ್ಲ ಬಿಚ್ಚಿಸುವ ಖರ್ಚನ್ನೂ ಬೆಲೆಯಲ್ಲಿ ಸೇರಿಸಿ ಮಾತನಾಡಿ. ಪರೀಕ್ಷೆಗೆ ಓಡಿಸುವಾಗ ಮನೆಯವರನ್ನೆಲ್ಲ ಕರೆದೊಯ್ದು ಸೀಟು ತುಂಬಿಸಿ. ಮಾರುವವರು ಸ್ಟಿಯರಿಂಗ್ ಹಿಡಿಯಲಿ, ನೀವು ಕೊನೆಯ ಸಾಲಿಗೆ ಹೋಗಿ, ಚಕ್ರದ ಕಮಾನಿನ ಪಕ್ಕದ ಸೀಟಿನಲ್ಲಿ ಕುಳಿತುಕೊಳ್ಳಿ.